ಹಾರ್ನ್ ಇಲ್ಲದೆ ಶಿರಾಡಿ ಹತ್ತಿದ್ದು

ಹೋದ ತಿಂಗಳು ಅಪ್ಪ ಅಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತೋಕೆ ಶುರು ಮಾಡಿದ್ದೇ ತಡ, ಮುಂದೆ ಒಂದು ಟ್ಯಾಂಕರ್, ಅದರ ಮುಂದೆ ಇನ್ನೊಂದು. ಫಸ್ಟ್ ಗೇರಲ್ಲೇ ತೆವಳಾಟ. "ಎಸಿ ಗಾಳಿ ಬಿಸಿ ಬರ್ತಿದೆ ಕಣೋ" ಅಂತ ಹಿಂದಿನಿಂದ ಅಮ್ಮ ಹೇಳಿದಾಗಲೇ ನಾನು ಡ್ಯಾಶ್‌ಬೋರ್ಡ್ ನೋಡಿದ್ದು. ಯಾವಾಗಲೂ ಮಧ್ಯದಲ್ಲಿ ನಿಂತಿರೋ ಟೆಂಪರೇಚರ್ ಸೂಜಿ ಕೆಂಪು ಗೆರೆ ಮುಟ್ಟೋಕೆ ಸ್ವಲ್ಪವೇ ಬಾಕಿ.

ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟೆ. ಸೆಕೆಯಲ್ಲಿ ಹೀಟರ್ ಹಾಕ್ತಾನಲ್ಲ, ಇವನಿಗೇನಾಯ್ತು ಅಂತ ಅಮ್ಮನ ಮುಖ. ಹೀಟರ್ ಅಂದ್ರೆ ಇಂಜಿನ್ನಿನ ಬಿಸಿ ನೀರೇ ಹರಿಯೋ ಒಂದು ಪುಟ್ಟ ರೇಡಿಯೇಟರ್. ಅದನ್ನ ಹಾಕಿದ್ರೆ ಇಂಜಿನ್ನಿನ ಶಾಖ ಒಂದಿಷ್ಟು ನಮ್ಮ ಮುಖಕ್ಕೆ ಬರತ್ತೆ, ಇಂಜಿನ್ ಅಷ್ಟು ಉಸಿರಾಡತ್ತೆ. ಸೂಜಿ ಅಲ್ಲೇ ನಿಂತಿತು. ಮುಂದಿನ ತಿರುವಲ್ಲಿ ಅಗಲ ಜಾಗ ಸಿಕ್ಕಿದ ಕೂಡಲೇ ಗಾಡಿ ಬದಿಗೆ ಹಾಕಿ ಆಫ್ ಮಾಡಿದೆ.

ಇಲ್ಲಿವರೆಗೆ ನಾನು ಮಾಡಿದ್ದೆಲ್ಲ ಸರಿ. ಆಮೇಲೆ ಬಾನೆಟ್ ಎತ್ತಿ, ಬಾಟಲಿ ನೀರು ತಗೊಂಡು, ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಿದೆ.

"ಏಯ್, ಕೈ ತೆಗಿ ಮಾರಾಯ!"

ಅಪ್ಪ ನನ್ನ ಮಣಿಕಟ್ಟು ಹಿಡಿದು ಎಳೆದ ರಭಸಕ್ಕೆ ಬಾಟಲಿ ಕೆಳಗೆ ಬಿತ್ತು. ಸಕಲೇಶಪುರದ ಹತ್ತಿರ ಎಸ್ಟೇಟ್ ಜೀಪ್ ಓಡಿಸ್ತಿದ್ದ ಅಪ್ಪನ ಎಡಗೈ ಮೇಲೆ ಮೊಣಕೈವರೆಗೂ ಒಂದು ಬಿಳಿ ಕಲೆ ಇದೆ. ಚಿಕ್ಕಂದಿನಲ್ಲಿ ಒಲೆಗೆ ಬಿದ್ದಿದ್ದಿರಬೇಕು ಅಂದ್ಕೊಂಡಿದ್ದೆ, ಯಾವತ್ತೂ ಕೇಳಿರಲಿಲ್ಲ. "ಇದು ರೇಡಿಯೇಟರ್ ನೀರು. ನಿನಗಾಗ ಒಂದು ವರ್ಷ. ತಿಂಗಳುಗಟ್ಟಲೆ ನಿನ್ನ ಎತ್ಕೊಳ್ಳೋಕೆ ಆಗಿರಲಿಲ್ಲ" ಅಂದ್ರು.

ಬಿಸಿ ರೇಡಿಯೇಟರ್ ಅಂದ್ರೆ ವಿಷಲ್ ಹೊಡೆಯೋಕೆ ರೆಡಿಯಾಗಿರೋ ಕುಕ್ಕರ್. ನೀರು 100 ಡಿಗ್ರಿಗೆ ಕುದಿಯತ್ತೆ, ಆದರೆ ಆ ಮುಚ್ಚಳ ಒಳಗಿನ ಒತ್ತಡ ಹಿಡಿದಿಟ್ಟು ಸುಮಾರು 120ರವರೆಗೂ ಕುದಿಯದ ಹಾಗೆ ನೋಡ್ಕೊಳ್ಳತ್ತೆ. ಮುಚ್ಚಳ ತೆಗೆದ್ರೆ ಒತ್ತಡ ಹೋಗಿ, ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮತ್ತೆ. ಇಂಜಿನಿಯರಿಂಗ್‌ನಲ್ಲಿ ಇದನ್ನ ಓದಿ, ಪರೀಕ್ಷೆ ಬರೆದು, ಪಾಸಾದವನು ನಾನು.

ಮುಕ್ಕಾಲು ಗಂಟೆ ಕಾದ್ವಿ. ಅಮ್ಮ ಪ್ರಸಾದದ ಪೊಟ್ಟಣ ಬಿಚ್ಚಿದ್ರು.

ಕಾಯ್ತಾ ಕೂತಾಗ ತಲೆ ಓಡಿತು. ಬೆಂಗಳೂರಲ್ಲಿ ಎರಡು ವಾರದಿಂದ ಸಿಗ್ನಲ್ಲಲ್ಲಿ ನಿಂತಾಗೆಲ್ಲ ಎಸಿ ತಣ್ಣಗಾಗ್ತಿರಲಿಲ್ಲ, ಗಾಡಿ ಓಡಿದ್ರೆ ಸರಿ ಹೋಗ್ತಿತ್ತು. ಗ್ಯಾರೇಜಿಗೆ ಹೋಗಿ "ಎಸಿ ಕೂಲ್ ಆಗ್ತಿಲ್ಲ" ಅಂತಷ್ಟೇ ಹೇಳಿದ್ದೆ. ಅವರು ಗ್ಯಾಸ್ ತುಂಬಿಸಿ 2,500 ರೂಪಾಯಿ ತಗೊಂಡ್ರು. ಆಫೀಸಲ್ಲಿ ಯಾರಾದ್ರೂ "ಆ್ಯಪ್ ಕೆಲಸ ಮಾಡ್ತಿಲ್ಲ" ಅಂತ ಒಂದೇ ಸಾಲು ಬರೆದು ಕಳಿಸಿದ್ರೆ ನನಗೆ ಉರಿಯತ್ತೆ. ಯಾವಾಗ, ಏನು ಮಾಡಿದಾಗ ಅಂತ ಹೇಳ್ರಪ್ಪಾ ಅಂತೀನಿ. ಅದೇ ನಾನು ಮೆಕ್ಯಾನಿಕ್‌ಗೆ "ನಿಂತಾಗ ಮಾತ್ರ" ಅನ್ನೋ ಎರಡು ಪದ ಹೇಳಿರಲಿಲ್ಲ.

ಓಡೋ ಗಾಡಿಗೆ ಎದುರು ಗಾಳಿಯೇ ಸಾಕು. ನಿಂತ ಗಾಡಿಗೆ, ತೆವಳೋ ಗಾಡಿಗೆ ಫ್ಯಾನ್ ಬೇಕು. ನನ್ನ ಕಾರಲ್ಲಿ ರೇಡಿಯೇಟರ್‌ಗೂ ಎಸಿ ಕಂಡೆನ್ಸರ್‌ಗೂ ಇರೋದು ಒಂದೇ ಫ್ಯಾನ್. ನಿಂತಾಗಲೂ ಓಡುವಾಗಲೂ ಎರಡರಲ್ಲೂ ಬಿಸಿಯೇರಿದ್ರೆ ಕೂಲೆಂಟ್ ಸೋರಿಕೆ, ಥರ್ಮೋಸ್ಟಾಟ್, ಕಟ್ಟಿಕೊಂಡ ರೇಡಿಯೇಟರ್ ಕಡೆ ನೋಡಬೇಕಿತ್ತು. ಆದರೆ ನಂದು ಫ್ಯಾನಿನ ಕೇಸು.

ಇಂಜಿನ್ ತಣ್ಣಗಾದ ಮೇಲೆ ಆಯಿಲ್ ಕಡ್ಡಿ ಎಳೆದು ನೋಡಿದೆ. ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ರೆ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಲೆಕ್ಕ. ಆಮೇಲೆ ಗಾಡಿ ತಳ್ಳೋದಲ್ಲ, ಇಂಜಿನ್ ಬಿಚ್ಚೋದೇ. ಪುಣ್ಯಕ್ಕೆ ಆಯಿಲ್ ಮಾಮೂಲಿ ಬಣ್ಣದಲ್ಲೇ ಇತ್ತು. ಕೂಲೆಂಟ್ ಡಬ್ಬಿ ಕೆಳಗಿನ ಗೆರೆಗಿಂತ ಸ್ವಲ್ಪ ಕೆಳಗಿತ್ತು, ಬಾಟಲಿ ನೀರು ಹಾಕಿದೆ. ಸ್ಟಾರ್ಟ್ ಮಾಡಿ ಎಸಿ ಒತ್ತಿದರೆ ಫ್ಯಾನ್ ತಿರುಗಬೇಕು. ತಿರುಗಲಿಲ್ಲ. ಆಫ್ ಮಾಡಿ ಫ್ಯೂಸ್ ತೆಗೆದು ನೋಡಿದೆ, ಸರಿ ಇತ್ತು. ಪಕ್ಕದಲ್ಲೇ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಕಪ್ಪು ರಿಲೇಗಳು. ಫ್ಯಾನಿನದ್ದು ಮತ್ತು ಹಾರ್ನಿನದ್ದು, ಎರಡರ ಮೇಲೂ ಒಂದೇ ನಂಬರ್. ಹಾರ್ನಿನದ್ದು ಕಿತ್ತು ಫ್ಯಾನಿನ ಜಾಗಕ್ಕೆ ಒತ್ತಿದೆ. ಮತ್ತೆ ಸ್ಟಾರ್ಟ್ ಮಾಡಿ ಎಸಿ ಒತ್ತಿದೆ.

ಗರ್ರ್ ಅಂತ ಫ್ಯಾನ್ ತಿರುಗಿತು. ಪ್ರೊಡಕ್ಷನ್ ಬಗ್ ಸರಿ ಮಾಡಿದಾಗಲೂ ನನಗೆ ಅಷ್ಟು ಖುಷಿ ಆಗಿಲ್ಲ.

"ಹಾರ್ನ್ ಇಲ್ದೆ ಘಾಟಿನಾ?" ಅಂದ್ರು ಅಮ್ಮ. ಅಪ್ಪ ಕಿಟಕಿ ಇಳಿಸಿ, ಒಂದೊಂದು ಕುರುಡು ತಿರುವಿಗೂ ಬಸ್ಸಿನ ಕಂಡಕ್ಟರ್ ಥರ ಬಾಗಿಲು ಬಡೀತಾ ಬಂದ್ರು. ಮಾರನಹಳ್ಳಿ ದಾಟೋವರೆಗೂ ಸೂಜಿ ಮಧ್ಯ ಬಿಟ್ಟು ಅಲ್ಲಾಡಲಿಲ್ಲ.

ಸಕಲೇಶಪುರದಲ್ಲಿ ಅಪ್ಪನ ಪರಿಚಯದ ಮೆಕ್ಯಾನಿಕ್ ಹೊಸ ರಿಲೇ ಹಾಕಿದ್ರು, ಇನ್ನೂರು ಚಿಲ್ಲರೆ. ರೇಡಿಯೇಟರ್‌ನಿಂದ ಇಳಿಸಿದ ನೀರು ತುಕ್ಕು ಬಣ್ಣಕ್ಕೆ ತಿರುಗಿತ್ತು. ಹಿಂದೆ ಯಾವಾಗಲೋ ಕೂಲೆಂಟ್ ಬದಲು ನಲ್ಲಿ ನೀರು ತುಂಬಿಸಿದ್ದಾರೆ ಅಂದ್ರು. ಅದನ್ನೂ ತೊಳೆಸಿ, ಸರಿಯಾದ ಕೂಲೆಂಟ್ ಹಾಕಿಸಿ, ಮುಚ್ಚಳದ ರಬ್ಬರ್ ಬಿರಿದಿತ್ತು ಅಂತ ಮುಚ್ಚಳವನ್ನೂ ಬದಲಾಯಿಸಿದ್ದಾಯ್ತು.

ಹಳೇ ಮುಚ್ಚಳವನ್ನ ಅಪ್ಪ ಎಸೆಯೋಕೆ ಬಿಡಲಿಲ್ಲ. ಜೇಬಿಗೆ ಹಾಕ್ಕೊಂಡು ಮನೆಗೆ ತಂದ್ರು. ಈಗ ಅದು ಟಿವಿ ಪಕ್ಕ, ಅವರ ಕನ್ನಡಕದ ಡಬ್ಬಿ ಜೊತೆ ಇದೆ.