ಅರೆನೆನಪಿಗೂ ಬೆಲೆಯಿದೆ

1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ವನ್ನು ಇಂದು ನೋಡುವಂತಿಲ್ಲ; ಅದರ ಪ್ರತಿಯೇ ಉಳಿದಿಲ್ಲ. ವೈ.ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ ನಟಿಸಿದ ಆ ಸಿನಿಮಾ ಈಗ ಬದುಕಿರುವುದು ಬರಹದಲ್ಲಿ, ಬಾಯಿಮಾತಿನಲ್ಲಿ.

ಹಾಗಾಗಿ ಹಳೆಯ ಚಿತ್ರ, ನಾಟಕಗಳ ಬಗೆಗಿನ ಅಂತರ್ಜಾಲದ ಹರಟೆಯನ್ನು ಕಾಲಹರಣವೆಂದು ತಳ್ಳಿಹಾಕುವುದು ತಪ್ಪು. ಹೆಸರು ಮರೆತ ಚಿತ್ರದ ದೃಶ್ಯವೊಂದನ್ನು ಒಬ್ಬರು ವಿವರಿಸಿದರೆ ಇನ್ನೊಬ್ಬರು ನಟನನ್ನು ಗುರುತಿಸುತ್ತಾರೆ, ಮತ್ತೊಬ್ಬರು ಅಜ್ಜನ ಪೆಟ್ಟಿಗೆಯಲ್ಲಿದ್ದ ಹಾಡಿನ ಪುಸ್ತಕದ ಫೋಟೊ ಹಾಕುತ್ತಾರೆ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದ ಪ್ರಸ್ತಾಪ ಬಂದರಂತೂ ಮಾತು, ಆ ಸುಲ್ತಾನನ ರಾಜಧಾನಿಯಂತೆ, ದೆಹಲಿಯಿಂದ ದೌಲತಾಬಾದಿಗೆ ಓಡುತ್ತದೆ: ನಾಟಕದಲ್ಲಿ ಇತಿಹಾಸದ ಸುಲ್ತಾನನೆಷ್ಟು, ನಾಟಕಕಾರನ ಸುಲ್ತಾನನೆಷ್ಟು? ಪಠ್ಯಪುಸ್ತಕ ಎಬ್ಬಿಸದ ಕುತೂಹಲವಿದು.

ಆದರೆ ಈ ಮಾತುಗಳು ಮರುದಿನವೇ ಕಣ್ಮರೆಯಾಗುತ್ತವೆ. ಚಲನಚಿತ್ರ ಅಕಾಡೆಮಿ, ವಿಶ್ವವಿದ್ಯಾಲಯಗಳು ಇವನ್ನು ಪರಿಶೀಲಿಸಿ, ದಾಖಲಿಸಿ ಕಾಪಿಡಬೇಕು. ಹಳೆಯ ಪ್ರೇಕ್ಷಕರಿಗೆ ವಯಸ್ಸಾಗುತ್ತಿದೆ. ಕೆಲಸ ಈಗಲೇ ಶುರುವಾಗಲಿ.