ಕಾವಿಗೆ ಕೂರುವ ಕೋಳಿ ಮನೆಯಲ್ಲಿರಲಿ

ಈಗ ಎಲ್ಲಿ ಹೋದರೂ ನಾಟಿ ಕೋಳಿಯದೇ ಮಾತು. ತರಬೇತಿಯಲ್ಲಿ ಐನೂರು ಕೋಳಿ ಸಾಕಿ ಅಂತಾರೆ. ಶೆಡ್ಡು ಕಟ್ಟಿ, ಸಾಲ ಕೊಡಿಸ್ತೀವಿ ಅಂತಾರೆ. ಮೊಬೈಲಿನಲ್ಲಿ ನೋಡಿದರೆ ತಿಂಗಳಿಗೆ ಲಕ್ಷದ ಲೆಕ್ಕ ಹೇಳುವವರು ಸಾಲಾಗಿ ಬರುತ್ತಾರೆ. ಅದೇ ಹೊತ್ತಿಗೆ ನಮ್ಮ ಊರುಗಳ ಹಿತ್ತಲಲ್ಲಿ ಐದಾರು ಕೋಳಿ ಇಟ್ಟುಕೊಂಡಿದ್ದ ಮನೆಗಳು ಒಂದೊಂದಾಗಿ ಗೂಡು ಮುಚ್ಚುತ್ತಿವೆ. ಈ ಎರಡು ಒಟ್ಟಿಗೇ ನಡೀತಿರೋದು ನನಗೆ ಸರಿ ಕಾಣುತ್ತಿಲ್ಲ.

ನಮ್ಮದು ಚಳ್ಳಕೆರೆ ಸೀಮೆ. ಕೆಂಪು ಮಣ್ಣು, ಶೇಂಗಾ ಬೆಳೆ. ವರ್ಷಕ್ಕೆ ಇಪ್ಪತ್ತು ಇಂಚು ಮಳೆ ಬಂದರೆ ಒಳ್ಳೇ ವರ್ಷ ಅಂತೀವಿ. ಅದೂ ಯಾವಾಗ ಬರುತ್ತೋ ಹೇಳುವಂತಿಲ್ಲ. 2022ರಲ್ಲಿ ಮಳೆ ಹೆಚ್ಚಾಗಿ, 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಮರು ವರ್ಷ 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಸರ್ಕಾರವೇ ಸಾರಿತು. ಒಂದು ವರ್ಷ ಕಾಯಿ ನೆಲದಲ್ಲೇ ಕೊಳೆಯಿತು, ಮರು ವರ್ಷ ಕಾಯೇ ಕಟ್ಟಲಿಲ್ಲ. ಇಂಥ ಕಡೆ ಬದುಕುವವನು ಮಳೆ ನಂಬದ, ಅಂಗಡಿ ನಂಬದ, ಕರೆಂಟು ನಂಬದ ಒಂದೆರಡು ಆದಾಯವನ್ನಾದರೂ ಮನೆಯಲ್ಲಿ ಇಟ್ಟುಕೊಳ್ಳಬೇಕು. ಹಿತ್ತಲ ಕೋಳಿ ಅಂಥದ್ದು. ಆದರೆ ಅದು ಅಂಥದ್ದಾಗಿ ಉಳಿಯಬೇಕಾದರೆ ಒಂದು ಷರತ್ತಿದೆ. ಕೋಳಿ ತಾನೇ ಕಾವಿಗೆ ಕೂತು ಮರಿ ಮಾಡಬೇಕು.

ಗಿರಿರಾಜ ಕೋಳಿ ನೋಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ನಮ್ಮವರೇ ಅಭಿವೃದ್ಧಿ ಮಾಡಿದ ತಳಿ. ಬೇಗ ಬೆಳೆಯುತ್ತೆ, ಮೈ ತುಂಬಿಕೊಳ್ಳುತ್ತೆ, ವರ್ಷಕ್ಕೆ ನೂರಕ್ಕೂ ಮೇಲೆ ಮೊಟ್ಟೆ ಇಡುತ್ತೆ. ನಾಟಿ ಹೇಟೆ ಇಡುವುದು ಐವತ್ತು ಅರವತ್ತು. ಲೆಕ್ಕದಲ್ಲಿ ಗಿರಿರಾಜನೇ ಗೆಲ್ಲುತ್ತೆ, ಅದರಲ್ಲಿ ಮಾತಿಲ್ಲ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಹೀಗೇ. ಆದರೆ ಇವು ಕಾವಿಗೆ ಕೂರುವುದಿಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತವೆ, ಅಷ್ಟೆ. ಹೆಚ್ಚು ಮೊಟ್ಟೆ ಇಡುವುದಕ್ಕೂ ಕಾವಿಗೆ ಕೂರದಿರುವುದಕ್ಕೂ ಸಂಬಂಧ ಇದೆ. ಕಾವಿಗೆ ಕೂತ ಕೋಳಿ ಇಪ್ಪತ್ತೊಂದು ದಿನ ಮೊಟ್ಟೆ ಇಡಲ್ಲ, ಮರಿ ಸಾಕುವಾಗ ಇನ್ನೂ ಎರಡು ತಿಂಗಳು ಇಡಲ್ಲ. ಆ ಗುಣ ತೆಗೆದರೇನೇ ಮೊಟ್ಟೆ ಹೆಚ್ಚುವುದು.

ಹಾಗಾಗಿ ಕೋಳಿ ಮುದಿಯಾದಾಗ, ರೋಗಕ್ಕೆ ಸತ್ತಾಗ, ಮತ್ತೆ ಮರಿಗೆ ಹ್ಯಾಚರಿ ಬಾಗಿಲಿಗೇ ಹೋಗಬೇಕು. ಹೋದಾಗ ಮರಿ ಇರಬೇಕು, ನಮ್ಮ ಹತ್ತಿರ ದುಡ್ಡಿರಬೇಕು, ತಂದ ಮೇಲೆ ತಿಂಗಳು ಬಲ್ಬು ಉರಿಸಿ ಬೆಚ್ಚಗಿಡಲು ಕರೆಂಟಿರಬೇಕು. ಹೈಬ್ರಿಡ್ ಬೀಜ ಬಂದಾಗಲೂ ಹೀಗೇ ಆಯಿತಲ್ಲ. ಇಳುವರಿ ಹೆಚ್ಚಾಯಿತು, ಬೀಜದ ಮಡಕೆ ಖಾಲಿಯಾಯಿತು. ಕೋಳಿಯಲ್ಲಿ ಬೀಜದ ಮಡಕೆ ಅಂದರೆ ಕಾವಿಗೆ ಕೂರುವ ಹೇಟೆ.

ಸುಧಾರಿತ ಕೋಳಿ ಬೇಡ ಅಂತ ನಾನು ಹೇಳುತ್ತಿಲ್ಲ. ನೀರಾವರಿ ಇದ್ದವರು, ಪೇಟೆ ಹತ್ತಿರ ಇದ್ದವರು ಸಾಕಲಿ. ನನ್ನ ಚಿಂತೆ ಬೇರೆ. ಊರಲ್ಲಿ ಹತ್ತು ಮನೆಯವರು ಗಿರಿರಾಜನ ಹುಂಜ ಬಿಟ್ಟುಕೊಂಡರೆ ಊರಿನ ಹೇಟೆಗಳೆಲ್ಲಾ ಬೆರಕೆಯಾಗುತ್ತವೆ. ಬೆರಕೆ ಮರಿ ದಪ್ಪಗಿರುತ್ತೆ, ನೋಡಲು ಚಂದ. ಆದರೆ ಅದರಲ್ಲಿ ಹುಟ್ಟಿದ ಹೇಟೆ ಕಾವಿಗೆ ಕೂತರೂ ಎಂಟನೇ ದಿನಕ್ಕೋ ಹತ್ತನೇ ದಿನಕ್ಕೋ ಎದ್ದು ಹೋಗುವುದನ್ನು ನಮ್ಮ ಓಣಿಯಲ್ಲೇ ನೋಡುತ್ತಿದ್ದೇನೆ. ಮೊಟ್ಟೆ ಕೊಳೆಯುತ್ತವೆ. ಹೆಂಗಸರು ಬೇಸತ್ತು ಕೋಳಿಯೇ ಬೇಡ ಅಂತಾರೆ. ಇನ್ನು ಶುದ್ಧ ನಾಟಿ ಹೇಟೆ ಕಾವಿಗೆ ಬಂದರೆ ಮೊಟ್ಟೆ ನಿಂತಿತಲ್ಲ ಅಂತ ನೀರಲ್ಲಿ ಅದ್ದಿ, ಮೂಗಿಗೆ ಪುಕ್ಕ ಚುಚ್ಚಿ ಕಾವು ಬಿಡಿಸುವವರೂ ಇದ್ದಾರೆ. ನಾಲ್ಕು ಹೇಟೆ ಇದ್ದವರು ಒಂದಕ್ಕೆ ಬಿಡಿಸಿಕೊಳ್ಳಲಿ. ನಾಲ್ಕಕ್ಕೂ ಬಿಡಿಸಿದರೆ ಮುಂದಿನ ವರ್ಷದ ಕೋಳಿ ಎಲ್ಲಿಂದ ಬರಬೇಕು?

ಎಷ್ಟು ಕೋಳಿ?

ಐದು ಹೇಟೆ, ಒಂದು ಹುಂಜ. ಬಹಳ ಅಂದರೆ ಎಂಟು ಹತ್ತು. ಅದಕ್ಕಿಂತ ಹೆಚ್ಚು ಬೇಡ ಅನ್ನೋದಕ್ಕೆ ಕಾರಣ ಇದೆ. ಒಂದು ಮನೆಯ ತಿಪ್ಪೆ, ಕಣ, ಕೊಟ್ಟಿಗೆ, ಬೇಲಿ ಬುಡದಲ್ಲಿ ಇಷ್ಟೇ ಹುಳು, ಇಷ್ಟೇ ಚೆಲ್ಲಿದ ಕಾಳು ಅಂತ ಇರುತ್ತೆ. ಅಷ್ಟಕ್ಕೆ ತಕ್ಕಷ್ಟು ಕೋಳಿ ಇದ್ದರೆ ಅವೇ ಕೆದಕಿ ತಿನ್ನುತ್ತವೆ. ಮೀರಿದರೆ ಮೂಟೆ ಆಹಾರ ಕೊಳ್ಳಬೇಕು. ಮೂಟೆ ಕೊಂಡ ದಿನದಿಂದ ಅದು ವ್ಯಾಪಾರ. ಪೇಟೆ ರೇಟು ಏರಿದರೆ ಇಳಿದರೆ ನಮ್ಮ ಎದೆ ಹೊಡೆದುಕೊಳ್ಳಲು ಶುರು.

2020ರ ಫೆಬ್ರವರಿ ಮಾರ್ಚಿನಲ್ಲಿ ಏನಾಯಿತು ನೆನಪಿದೆಯಲ್ಲ. ಕೋಳಿಯಿಂದ ಕೊರೊನಾ ಬರುತ್ತೆ ಅಂತ ಸುಳ್ಳು ಸುದ್ದಿ ಹಬ್ಬಿತು. ಬ್ರಾಯ್ಲರ್ ಕೇಳುವವರಿಲ್ಲದೆ ಬೆಳಗಾವಿ ಕಡೆ ರೈತರೊಬ್ಬರು ಸಾವಿರಾರು ಕೋಳಿಗಳನ್ನು ಗುಂಡಿ ತೋಡಿ ಜೀವಂತ ಹೂತರು ಅಂತ ಸುದ್ದಿಯಾಯಿತು. ನಮ್ಮ ಪಕ್ಕದ ಊರಲ್ಲಿ ಕಂಪನಿ ಮರಿ ಪಡೆದು ಸಾಕುತ್ತಿದ್ದ ಹುಡುಗನಿಗೆ ನಾಲ್ಕು ತಿಂಗಳು ಮರಿಯೇ ಬರಲಿಲ್ಲ, ಶೆಡ್ಡಿನ ಸಾಲದ ಕಂತು ಮಾತ್ರ ತಪ್ಪದೆ ಬಂತು. ಮಾರ್ಚ್ 25ಕ್ಕೆ ಲಾಕ್‌ಡೌನ್ ಆಗಿ ಸಂತೆ ನಿಂತಿತು. ಅದೇ ಎರಡು ತಿಂಗಳು ನಮ್ಮ ಮನೆಯ ಆರು ಕೋಳಿಗೆ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಗೂಡು ತೆಗೆದರೆ ತಿಪ್ಪೆಗೆ, ಸಂಜೆ ಮತ್ತೆ ಗೂಡಿಗೆ. ಮನೆಗೆ ಮೊಟ್ಟೆ ಇತ್ತು, ಬಾಣಂತಿ ಇದ್ದ ಎರಡು ಮನೆಗೂ ಕೊಟ್ಟೆವು.

ಲೆಕ್ಕ ಹೇಳುತ್ತೇನೆ, ದೊಡ್ಡ ಲೆಕ್ಕ ಏನಲ್ಲ. ಐದು ಹೇಟೆ ವರ್ಷಕ್ಕೆ ಮೂರು ಸಲ ಮೊಟ್ಟೆಗೆ ಬಂದು, ಸಲಕ್ಕೆ ಹನ್ನೆರಡು ಹದಿನಾಲ್ಕು ಇಟ್ಟರೆ ಸುಮಾರು ಇನ್ನೂರು ಮೊಟ್ಟೆ. ಅದರಲ್ಲಿ ಎಪ್ಪತ್ತನ್ನು ಕಾವಿಗಿಟ್ಟರೆ ಐವತ್ತೈದು ಮರಿ ಹೊರಬೀಳುತ್ತವೆ. ಹದ್ದು, ಮುಂಗುಸಿ, ನಾಯಿ, ಚಳಿ ಎಲ್ಲಾ ತಮ್ಮ ಪಾಲು ತೆಗೆದುಕೊಂಡು ಮೂವತ್ತು ದೊಡ್ಡವಾಗುತ್ತವೆ. ಹತ್ತು ಮನೆಗೆ, ನೆಂಟರಿಗೆ, ದೇವರಿಗೆ. ಇಪ್ಪತ್ತು ಮಾರಿದರೆ ನಮ್ಮ ಕಡೆ ಒಂದಕ್ಕೆ ಐನೂರರಂತೆ ಹತ್ತು ಸಾವಿರ. ಮಾರಮ್ಮನ ಜಾತ್ರೆ ಮುಂದೆ ಇನ್ನೂ ಹೆಚ್ಚು. ಉಳಿದ ಮೊಟ್ಟೆ ಮಕ್ಕಳಿಗೆ. ಖರ್ಚು ಅಂದರೆ ನುಚ್ಚು, ಜೊಳ್ಳು, ಕಣದ ಕೊನೆಯ ಕಸಗಾಳು ಸೇರಿ ಒಂದೂವರೆ ಎರಡು ಚೀಲ. ಬಿಟ್ಟಿ ಅಂತ ಹೇಳುವವರ ಮಾತು ನಂಬಬೇಡಿ, ಕಾಳು ಬೇಕೇ ಬೇಕು. ಆದರೆ ಅದು ಮನೆಯ ಕಾಳು, ಮಾರಿದರೆ ಯಾರೂ ಕೊಳ್ಳದ ಕಾಳು.

ಹತ್ತು ಸಾವಿರ ಏನು ಮಹಾ ಅನ್ನಬಹುದು. ಅದು ಒಟ್ಟಿಗೆ ಬರಲ್ಲ, ಬೇಕಾದಾಗ ಐನೂರು ಐನೂರಾಗಿ ಬರುತ್ತೆ. ನೋಟ್ ಪುಸ್ತಕಕ್ಕೆ, ಆಸ್ಪತ್ರೆ ಬಸ್ ಚಾರ್ಜಿಗೆ, ಸಂಘದ ವಾರದ ಕಂತಿಗೆ. ಇನ್ನೊಂದು, ಕೋಳಿ ದುಡ್ಡು ಮನೆ ಹೆಂಗಸಿನ ಕೈಯಲ್ಲಿರುತ್ತೆ. ಶೇಂಗಾ ದುಡ್ಡು ಮಂಡಿಯಿಂದ ಗಂಡಸಿನ ಜೇಬಿಗೆ ಬಂದು ಎಲ್ಲಿಗೆ ಹೋಗುತ್ತೆ ಅಂತ ನಾನು ಬರೆಯಬೇಕಾಗಿಲ್ಲ. ಐನೂರು ಕೋಳಿಯ ಶೆಡ್ಡಾದರೆ ಪಾಸ್‌ಬುಕ್ಕು ಗಂಡನ ಹೆಸರಿಗೆ, ಕಸ ಬಳಿಯುವುದು ಹೆಂಡತಿ ಪಾಲಿಗೆ. ಶೆಡ್ಡು ಬೇಡ ಅನ್ನೋದಕ್ಕೆ ಇದೂ ಒಂದು ಕಾರಣ.

ಕಡಕನಾಥ ಅಂತ ಕರಿಕೋಳಿ ಹುಚ್ಚು ಬಂತಲ್ಲ, ಮಧ್ಯಪ್ರದೇಶದ ಝಾಬುವಾ ಕಡೆಯದು, ಅದಕ್ಕೂ ಇದೇ ಮಾತು. ಅಲ್ಲಿಯವರಿಗೆ ಅದು ಹಿತ್ತಲ ಕೋಳಿ. ಇಲ್ಲಿ ಅದು ಒಂದು ಮೊಟ್ಟೆಗೆ ಐವತ್ತು ರೂಪಾಯಿ ಕೊಟ್ಟವನ ತಲೆನೋವು. ಕಾವಿಗೆ ಕೂರುವುದರಲ್ಲಿ ಅದೂ ಹಿಂದೆ.

ಕಾವಿನ ಕೆಲಸ

ಇದನ್ನು ಅವ್ವಂದಿರು ನೋಡಿ ಕಲಿತಿದ್ದರು. ಈಗಿನ ಸೊಸೆಯಂದಿರಿಗೆ ಹೇಳಿಕೊಡುವವರಿಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಕಾವಿಗಿಡುವ ಮೊಟ್ಟೆ ವಾರಕ್ಕಿಂತ ಹಳೆಯದಾಗಬಾರದು. ಬೇಸಿಗೆಯಲ್ಲಿ ನಾಲ್ಕೈದು ದಿನ ಮೀರಬಾರದು. ಅಲ್ಲಿಯವರೆಗೆ ತಂಪು ಮೂಲೆಯಲ್ಲಿ ರಾಗಿ ಒಳಗೆ ಹುದುಗಿಸಿಡಿ. ಚಿಕ್ಕ ಹೇಟೆಗೆ ಹತ್ತು, ದೊಡ್ಡದಕ್ಕೆ ಹನ್ನೆರಡು. ಆಸೆಗೆ ಹದಿನೈದು ಇಟ್ಟರೆ ಅಂಚಿನವು ಕಾವು ಸಿಗದೆ ಕೆಡುತ್ತವೆ. ಮಂಕರಿಯ ತಳಕ್ಕೆ ಮರಳು, ಬೂದಿ ಹಾಕಿ ಮೇಲೆ ಹುಲ್ಲು, ನಾಲ್ಕು ಬೇವಿನ ಸೊಪ್ಪು. ಬೂದಿ ಇಲ್ಲದಿದ್ದರೆ ಹೇನು ಹತ್ತಿ ಕೋಳಿ ಕೂರದೆ ಎದ್ದುಬಿಡುತ್ತೆ. ರಾತ್ರಿ ಕೂರಿಸಿದರೆ ಹೊಸ ಜಾಗಕ್ಕೆ ಬೇಗ ಒಗ್ಗುತ್ತೆ. ಹತ್ತಿರದಲ್ಲೇ ನೀರು, ಕಾಳು ಇರಲಿ.

ಏಳನೇ ದಿನ ಕತ್ತಲೆ ಕೋಣೆಯಲ್ಲಿ ಮೊಟ್ಟೆಯನ್ನು ಟಾರ್ಚಿಗೆ ಹಿಡಿದು ನೋಡಿ. ಒಳಗೆ ಜೇಡನ ಬಲೆ ಹಾಗೆ ಕೆಂಪು ನರ ಕಂಡರೆ ಮರಿ ಕಟ್ಟಿದೆ. ಏನೂ ಕಾಣದೆ ತಿಳಿಯಾಗಿದ್ದರೆ ತೆಗೆದುಬಿಡಿ. ದೀಪಾವಳಿಯಿಂದ ಶಿವರಾತ್ರಿವರೆಗೆ ಕಾವಿಗೆ ಒಳ್ಳೇ ಕಾಲ. ಬಿರುಬೇಸಿಗೆಯಲ್ಲಿ ಇಟ್ಟರೆ ಅರ್ಧಕ್ಕರ್ಧ ಕೆಡುತ್ತವೆ.

ಮರಿಗೆ ಮೊದಲ ತಿಂಗಳು ನುಚ್ಚು, ರಾಗಿ, ನವಣೆ ಜೊತೆಗೆ ಗೆದ್ದಲು ಸಿಕ್ಕರೆ ಅದರ ಬೆಳವಣಿಗೆಯೇ ಬೇರೆ. ಹಳೇ ಮಡಕೆಗೆ ಒದ್ದೆ ಸಗಣಿ, ಮುರುಕು ದಂಟು, ಹುಲ್ಲುಕಸ ತುಂಬಿ ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ತುಂಬಾ ಗೆದ್ದಲು. ಮರಿಗಳ ಮುಂದೆ ಕೊಡವಿದರೆ ಸಾಕು. ಬಿಸಿಲು ಏರುವ ಮೊದಲೇ ಎತ್ತಬೇಕು, ತಡವಾದರೆ ಗೆದ್ದಲು ನೆಲಕ್ಕೆ ಇಳಿದುಬಿಡುತ್ತವೆ. ಹುಂಜವನ್ನು ಎರಡು ವರ್ಷಕ್ಕೊಮ್ಮೆ ಬೇರೆ ಊರಿನವರ ಜೊತೆ ಬದಲಾಯಿಸಿಕೊಳ್ಳಿ. ಒಂದೇ ರಕ್ತ ಸುತ್ತಿದರೆ ಮರಿ ಬಡಕಲಾಗುತ್ತವೆ.

ಊರಿಗೆ ಒಂದು ದಿನ

ಕೋಳಿ ಯಾಕೆ ಬಿಟ್ಟಿರಿ ಅಂತ ಯಾವ ಮನೆಯಲ್ಲಿ ಕೇಳಿದರೂ ಒಂದೇ ಉತ್ತರ. ರೋಗ ಬಂದು ಒಂದೇ ವಾರದಲ್ಲಿ ಗೂಡು ಖಾಲಿಯಾಯಿತು. ಕೊಕ್ಕರೆ ರೋಗ. ಕೋಳಿ ತೂಕಡಿಸುತ್ತೆ, ಹಸಿರು ಬಿಳಿ ಭೇದಿ, ಕತ್ತು ತಿರುಚುತ್ತೆ. 1927ರಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತಿನಲ್ಲಿ ಕಂಡಿದ್ದರಿಂದ ಡಾಕ್ಟರುಗಳು ಇದಕ್ಕೆ ರಾಣಿಖೇತ್ ರೋಗ ಅಂತಾರೆ. ಬಂದ ಮೇಲೆ ಔಷಧಿ ಇಲ್ಲ. ಬರದಂತೆ ಲಸಿಕೆ ಇದೆ. ವಾರದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟ. ಎಂಟು ವಾರಕ್ಕೆ ರೆಕ್ಕೆ ಅಡಿಯ ಚರ್ಮಕ್ಕೆ ಆರ್ ಟು ಬಿ ಚುಚ್ಚುಮದ್ದು.

ಇಷ್ಟು ಸುಲಭ ಇದ್ದರೂ ಯಾಕೆ ಹಾಕಿಸುತ್ತಿಲ್ಲ? ಸಾಮಾನ್ಯವಾಗಿ ಸಿಗುವ ಲಸಿಕೆಯ ಶೀಶೆ ನೂರು ಕೋಳಿಗೂ ಮೇಲಿನ ಅಳತೆಯದು. ಆರು ಕೋಳಿಯವನು ಒಡೆದರೆ ಮಿಕ್ಕಿದ್ದು ಚೆಲ್ಲಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು, ಅಲ್ಲಿಯವರೆಗೆ ಐಸಿನಲ್ಲಿರಬೇಕು. ದನಕ್ಕೆ ಕಾಲುಬಾಯಿ ಲಸಿಕೆ ಹಾಕಲು ಮನೆ ಬಾಗಿಲಿಗೆ ಬರುತ್ತಾರೆ. ಆರು ಕೋಳಿ ಅಂದರೆ ಯಾರ ಪಟ್ಟಿಯಲ್ಲೂ ಬರಲ್ಲ. ಹಾಗಾಗಿ ಇದನ್ನು ನಾವೇ ಮಾಡಬೇಕು. ನಮ್ಮ ಓಣಿಯ ಹದಿನಾಲ್ಕು ಮನೆಯವರು ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿಕೊಂಡಿದ್ದೇವೆ. ಹಿಂದಿನ ಸಂಜೆ ಒಬ್ಬರು ಹೋಗಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿ ಲಸಿಕೆ ತರುತ್ತಾರೆ. ಬೆಳಿಗ್ಗೆ ಯಾರೂ ಗೂಡು ತೆಗೆಯುವಂತಿಲ್ಲ. ಕಲಿತ ಹುಡುಗ ಒಬ್ಬ ಮನೆ ಮನೆಗೆ ಬಂದು ಹಾಕುತ್ತಾನೆ, ಎಂಟು ಗಂಟೆಗೆಲ್ಲಾ ಮುಗಿಯುತ್ತೆ. ಆಗಲೇ ಮಂಕಾಗಿರುವ ಕೋಳಿಗೆ ಹಾಕಬಾರದು. ಸಂತೆಯಲ್ಲಿ ಕೊಂಡ ಕೋಳಿಯನ್ನು ಎರಡು ವಾರ ಬೇರೆ ಕಟ್ಟುವುದು, ಕೊಯ್ದ ಕೋಳಿಯ ಪುಕ್ಕ ಕರುಳು ತಿಪ್ಪೆಗೆ ಎಸೆಯದೆ ಹೂಳುವುದು, ಇವೆರಡು ಮಾಡಿದರೆ ರೋಗ ಅರ್ಧ ತಪ್ಪುತ್ತೆ.

2025ರ ಆರಂಭದಲ್ಲಿ ರಾಯಚೂರು, ಬಳ್ಳಾರಿ, ಚಿಕ್ಕಬಳ್ಳಾಪುರ ಕಡೆ ಹಕ್ಕಿಜ್ವರ ಬಂದಿತ್ತು. ಆದ್ದರಿಂದ ಒಂದು ಎಚ್ಚರಿಕೆ. ಒಟ್ಟಿಗೆ ಹಲವು ಕೋಳಿ ಸತ್ತರೆ ಕೊಕ್ಕರೆ ರೋಗ ಅಂತ ನಾವೇ ತೀರ್ಮಾನಿಸದೆ ಪಶು ಆಸ್ಪತ್ರೆಗೆ ತಿಳಿಸಬೇಕು. ಉಳಿದವನ್ನು ಅವಸರದಲ್ಲಿ ಸಂತೆಗೆ ಒಯ್ದು ಮಾರುವುದು ಪಕ್ಕದೂರಿಗೆ ರೋಗ ಹೊತ್ತುಕೊಂಡು ಹೋದ ಹಾಗೆ.

ಗೂಡು ಮುಚ್ಚಿದವರು ಮತ್ತೆ ಶುರು ಮಾಡಬೇಕಾದರೆ ಸಂತೆಗೆ ಹೋಗಬೇಡಿ. ಅಲ್ಲಿ ಬಂದ ಹೇಟೆ ಕಾವಿಗೆ ಕೂತಿದ್ದೋ ಇಲ್ಲವೋ ಮಾರುವವನಿಗೇ ಗೊತ್ತಿರಲ್ಲ. ಊರಂಚಿನಲ್ಲಿ, ಹಟ್ಟಿಗಳಲ್ಲಿ ಹಳೇ ತಲೆ ಅಜ್ಜಿಯರ ಮನೆಯಲ್ಲಿ ಕೇಳಿ. ಎರಡು ಸಲ ಮರಿ ಎಬ್ಬಿಸಿದ ಹೇಟೆ ಯಾವುದು ಅಂತ ಅವರು ಬೆರಳು ಮಾಡಿ ತೋರಿಸುತ್ತಾರೆ. ಕೊಳ್ಳಲು ದುಡ್ಡಿಲ್ಲದಿದ್ದರೆ ಪಾಲಿಗೆ ತನ್ನಿ. ಹಿಂದೆ ನಮ್ಮ ಕಡೆ ಇದ್ದ ಪದ್ಧತಿ ಅದು. ಹೇಟೆ ಕೊಟ್ಟವರಿಗೆ ಮರಿಯಲ್ಲಿ ಅರ್ಧ, ಸಾಕಿದವರಿಗೆ ಅರ್ಧ, ಎರಡು ಸಲ ಮರಿಯಾದ ಮೇಲೆ ತಾಯಿಕೋಳಿ ವಾಪಸ್ಸು. ಹೋದ ವರ್ಷ ನಮ್ಮ ಮನೆಯಿಂದ ಹೀಗೆ ಮೂರು ಹೇಟೆ ಹೋದವು. ಎರಡು ತಿರುಗಿ ಬಂದಿವೆ, ಇನ್ನೊಂದು ಆ ಮನೆಯಲ್ಲಿ ಈಗ ಹನ್ನೊಂದು ಮೊಟ್ಟೆ ಮೇಲೆ ಕೂತಿದೆ.