ಕುರುವಾಯಿಯ ಸ್ವಯಂವರ

ಮಂಗಳೂರಿನ ಶಕ್ತಿನಗರದಂಥ ಬಡಾವಣೆಗಳಲ್ಲಿ ಮನೆಯಂಗಳದ ತೆಂಗಿನ ಮರವನ್ನು ತಲೆಯೆತ್ತಿ ನೋಡಿದರೆ, ಕೆಲವು ಗರಿಗಳು ಎರಡೂ ಕಡೆ ಒಂದೇ ಅಳತೆಯಲ್ಲಿ ಕತ್ತರಿಸಿದಂತೆ ಕಾಣುವುದುಂಟು. ಇದು ಕುರುವಾಯಿ ದುಂಬಿಯ ಕೆಲಸ. ಸುಳಿಯು ಇನ್ನೂ ಮಡಿಚಿಕೊಂಡಿರುವಾಗಲೇ ಅದು ಕೊರೆಯುತ್ತದೆ. ಗರಿ ಬಿಚ್ಚಿಕೊಂಡಾಗ ಆ ಒಂದೇ ತೂತು ಇಬ್ಬದಿಯ ಸಮನಾದ ಗಾಯವಾಗಿ ತೋರುತ್ತದೆ. ಮಕ್ಕಳು ಕಾಗದವನ್ನು ಮಡಿಚಿ ಕತ್ತರಿಸುವ ಆಟದಂತೆಯೇ ಇದು.

ಗರಿಯಲ್ಲಿ ಇಂಥ ಸಮತೆಯನ್ನು ಮೂಡಿಸುವ ಕೀಟವು ತನ್ನ ಸಂಗಾತಿಯ ಅಂಗಾಂಗಗಳಲ್ಲಿಯೂ ಅದನ್ನೇ ಅರಸುತ್ತದೆಯೆ? ಪ್ರಶ್ನೆ ವಿನೋದದ್ದೆನಿಸಿದರೂ ಜೀವವಿಜ್ಞಾನಿಗಳು ಇದರ ಹಿಂದೆ ಬಹಳ ಶ್ರಮಪಟ್ಟಿದ್ದಾರೆ.

ಪ್ರಾಣಿಯ ಎಡಬಲಗಳನ್ನು ರೂಪಿಸುವ ವಂಶವಾಹಿಗಳು ಒಂದೇ. ಆದರೆ ಬೆಳೆಯುವ ಕಾಲದಲ್ಲಿ ಆಹಾರದ ಕೊರತೆಯೋ ರೋಗವೋ ಕಾಡಿದರೆ, ಒಂದು ಬದಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಬಹುದು. ಹಾಗಾದರೆ ಸರಿಸಮನಾದ ಮೈಕಟ್ಟು ಆರೋಗ್ಯದ ಯೋಗ್ಯತಾಪತ್ರವಲ್ಲವೆ? ಹೆಣ್ಣು ಅದನ್ನು ಓದಿಯೇ ವರನನ್ನು ಆರಿಸುವುದಲ್ಲವೆ? ಡೆನ್ಮಾರ್ಕಿನ ಆಂಡರ್ಸ್ ಮೊಲ್ಲರ್ ಅವರು 1992ರಲ್ಲಿ, ಹೆಣ್ಣು ಸ್ವಾಲೋ ಹಕ್ಕಿಗಳು ಬಾಲದ ನೀಳಗರಿಗಳು ಸಮನಾಗಿರುವ ಗಂಡನ್ನು ಮೆಚ್ಚುತ್ತವೆಂದು ಪ್ರಕಟಿಸಿದರು. ವಾದವು ಕೀಟಗಳಿಗೆ ಹಬ್ಬಿತು. ಮನುಷ್ಯರ ಮುಖಸೌಂದರ್ಯವನ್ನೂ ಬಿಡಲಿಲ್ಲ.

ಆದರೆ 1999ರಲ್ಲಿ, ಕೋಡುಳ್ಳ ಸಗಣಿದುಂಬಿಗಳನ್ನು ಅಭ್ಯಸಿಸಿದ ಲೀ ಸಿಮ್ಮನ್ಸ್ ಮತ್ತು ಸಂಗಡಿಗರು ಪ್ರಕಟವಾದ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ, ವರುಷ ಕಳೆದಂತೆ ಈ ವಾದಕ್ಕೆ ದೊರೆತ ಬೆಂಬಲ ಕ್ಷೀಣಿಸುತ್ತ ಬಂದುದು ಕಂಡಿತು. ಎಡಬಲಗಳ ಅಂತರ ಎಷ್ಟು ಸೂಕ್ಷ್ಮವೆಂದರೆ ಅಳೆಯುವವರ ಕೈತಪ್ಪೇ ಅದನ್ನು ಮೀರಬಹುದು. ಮೇಲಾಗಿ ‘ಹೌದು’ ಎಂಬ ಫಲಿತಾಂಶ ಬೇಗ ಅಚ್ಚಾಗುತ್ತದೆ. ‘ಇಲ್ಲ’ ಎಂಬುದು ಮೇಜಿನೊಳಗೆ ಉಳಿಯುತ್ತದೆ. ಹೊಸ ಮಾತನ್ನು ನಂಬುವ ಮುನ್ನ ನಾವೂ ನೆನೆಯಬೇಕಾದ ಸಂಗತಿಯಿದು.

ನಮ್ಮ ಕುರುವಾಯಿಯಲ್ಲಿ ಗಂಡು ಹೆಣ್ಣುಗಳೆರಡಕ್ಕೂ ಕೋಡುಂಟು, ಗಂಡಿನದು ನೀಳ. ಆದರೆ ಇವುಗಳ ಸಂಚಾರವೆಲ್ಲ ರಾತ್ರಿಯಲ್ಲಿ. ದೂರದಿಂದ ಕರೆಯಲು ರೂಪಕ್ಕಿಂತ ವಾಸನೆಯೇ ಸಮರ್ಥ. ಗಂಡು ಹೊರಸೂಸುವ ಎಥಿಲ್ 4-ಮಿಥೈಲ್ ಆಕ್ಟನೋಯೇಟ್ ಎಂಬ ದ್ರವ್ಯದ ಜಾಡು ಹಿಡಿದು ಹೆಣ್ಣುಗಳೂ ಇತರ ಗಂಡುಗಳೂ ಬರುತ್ತವೆ. 1990ರ ದಶಕದಲ್ಲಿ ಈ ಗುಟ್ಟು ಬಯಲಾದ ಮೇಲೆ, ಅದನ್ನೇ ತಯಾರಿಸಿ ಬಕೆಟ್ಟಿನಲ್ಲಿ ತೂಗಹಾಕಿ ದುಂಬಿಗಳನ್ನು ಹಿಡಿಯುವ ಮೋಹಕ ಬಲೆ ಬಳಕೆಗೆ ಬಂದಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಇದನ್ನು ತೆಂಗು ಬೆಳೆಗಾರರಿಗೆ ಸೂಚಿಸಿದೆ.

ಆದರೂ ಬಲೆಯೊಂದನ್ನೇ ನೆಚ್ಚಿ ಕೂರುವಂತಿಲ್ಲ. ಮದುವೆ ಮುಗಿದ ಹೆಣ್ಣು ಮೊಟ್ಟೆಯಿಡಲು ಹುಡುಕುವುದು ಗೊಬ್ಬರದ ಗುಂಡಿಯನ್ನು, ಕೊಳೆತ ತೆಂಗಿನ ಕಾಂಡವನ್ನು. ಅಂಗಳದ ಗೊಬ್ಬರವನ್ನು ಆಗಾಗ್ಗೆ ಮಗುಚಿ ಬಿಳಿಯ ದಪ್ಪ ಹುಳುಗಳನ್ನು ಹೆಕ್ಕಿ ತೆಗೆಯಬೇಕು. ಬಿದ್ದ ಕಾಂಡವನ್ನು ಸಾಗಿಸಬೇಕು. ಎಳೆಯ ಗಿಡದ ಸುಳಿಯ ಸುತ್ತಲಿನ ಗರಿಬುಡಗಳಲ್ಲಿ ಬೇವಿನ ಹಿಂಡಿಯನ್ನು ಮರಳಿನೊಡನೆ ಬೆರೆಸಿ ತುಂಬಬೇಕು. ವರನ ರೂಪ ಹೇಗೇ ಇರಲಿ, ಅವನ ಸಂಸಾರಕ್ಕೆ ನಮ್ಮ ಅಂಗಳದಲ್ಲಿ ಬಿಡಾರ ದೊರೆಯದಂತೆ ನೋಡಿಕೊಂಡರೆ ತೆಂಗು ಉಳಿದೀತು.